ಕುರುಗೋಡಿನ ತಂತಿಯಲ್ಲಿ ಬರುತ್ತಿದ್ದ ಹಾಡು

ನಮ್ಮ ಯಜಮಾನರು ತೀರಿಕೊಂಡು ಕೆಲವು ತಿಂಗಳಾಗಿ, ಮನೆಗೆ ಮಾತನಾಡಿಸಲು ಬರುವವರು ಕಡಿಮೆಯಾಗುತ್ತಿದ್ದ ದಿನಗಳಲ್ಲಿ, ಎದುರು ಮನೆಯ ಪವಿತ್ರ ಒಂದು ಬೆಳಿಗ್ಗೆ ಬಂದು ಕುಳಿತಳು. ಬಳ್ಳಾರಿಯಲ್ಲೇ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿದೆ. ಯಾವ ವಾರ್ಡಿನಲ್ಲಿ ಕಂಪ್ಯೂಟರ್ ಕೆಟ್ಟರೂ ಮೊದಲ ಫೋನ್ ಅವಳಿಗೆ ಬರುತ್ತದೆ. ದೂರು ಬರೆದುಕೊಳ್ಳಬೇಕು, ಸರಿಮಾಡುವವರನ್ನು ಕಳಿಸಬೇಕು, ಸರಿಯಾಯಿತೆಂದು ದೂರು ಮುಚ್ಚಬೇಕು. ತರಬೇತಿಯಲ್ಲಿ ಕೊಟ್ಟ ಹಾಳೆಯೊಂದನ್ನು ಅವಳು ನನ್ನ ಮುಂದೆ ಹಿಡಿದಳು. ಅದರಲ್ಲಿ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಗೆರೆಗಳು.

"ಅಜ್ಜಿ, ನೋಡ್ರಿ ಇಲ್ಲಿ. ಇವ್ರು ಸೇವೆ ಕೊಡೋರಂತ, ಇವ್ರು ರೊಕ್ಕ ಕೊಡೋರಂತ, ಇವ್ರು ಬಳಸೋರಂತ. ಎಲ್ಲಾರ್ನೂ ಸೇರಿಸಿ ಸ್ಟೇಕ್‌ಹೋಲ್ಡರ್ಸ್ ಅಂತಾರ. ಕಲಿಯುವಾಗ ತಿಳಿದಂಗಾತು. ಕುರ್ಚಿ ಮ್ಯಾಲೆ ಕುಂತಮ್ಯಾಲೆ ಯಾರು ಯಾರಂತ ಒಂದೂ ತಿಳಿಯವಲ್ದು."

ಆ ಹಾಳೆ ನನ್ನ ಕಣ್ಣಿಗೆ ಬೇರೆಯದೇ ಆಗಿ ಕಂಡಿತು. ಡಬ್ಬಿಗಳು ಕಂಬಗಳಾದವು, ಗೆರೆಗಳು ತಂತಿಗಳಾದವು. ಕಪ್ಪು ಎರೆಹೊಲದ ನಡುವೆ ಸಾಲಾಗಿ ಹೊರಟ ಕಂಬಗಳ ಕೊನೆಯಲ್ಲಿ ಯಾರೋ ಒಬ್ಬರು ಹತ್ತಿ ಕುಳಿತ ಹಾಗೆ ಅನಿಸಿತು. ಹೀಗೆ ನಡುಹಗಲಲ್ಲೇ ಮನಸ್ಸು ಎಲ್ಲಿಗೋ ಹೋಗಿಬಿಡುವುದು ಈಚೆಗೆ ನನಗೆ ರೂಢಿಯಾಗಿದೆ. ಪವಿತ್ರಳಿಗೆ ಅಷ್ಟಿಷ್ಟು ಹೇಳಿದೆ. "ಬರೆದಿಡ್ರಿ ಅಜ್ಜಿ, ನಮ್ಮಂಥೋರು ಓದತೀವಿ" ಎಂದಳು. ನಾನು ಹೆಚ್ಚು ಓದಿದವಳಲ್ಲ. ಆದರೆ ಕೆಲಸದ ಬಗ್ಗೆ ಬರೆದರೆ ನಮ್ಮ ಯಜಮಾನರ ಬಗ್ಗೆಯೂ ಬರೆದಂತಾಗುತ್ತದೆ ಎಂದುಕೊಂಡು ಕುಳಿತಿದ್ದೇನೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದೆ. ಮೆಟ್ರಿಕ್ ಪಾಸಾಗಿದ್ದೆ, ಕನ್ನಡ ತೆಲುಗು ಎರಡೂ ಸಲೀಸಾಗಿ ಬರುತ್ತಿದ್ದವು, ದನಿ ಸ್ಪಷ್ಟವಾಗಿತ್ತು. ಆಗ ಊರಿಂದೂರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬರೆಸಬೇಕು. ನಮ್ಮ ಮುಂದೆ ತೂತುಗಳ ದೊಡ್ಡ ಹಲಗೆ. ಅದಕ್ಕೆ ಬೋರ್ಡು ಎನ್ನುತ್ತಿದ್ದೆವು. ಒಂದು ತೂತಿಗೆ ಈ ಊರಿನವರ ತಂತಿ, ಇನ್ನೊಂದಕ್ಕೆ ಆ ಊರಿನದು. ಕೈಯಲ್ಲಿದ್ದ ಹುರಿಯ ಎರಡು ತುದಿ ಎರಡಕ್ಕೂ ಚುಚ್ಚಿದರೆ ಇಬ್ಬರು ಮಾತನಾಡುತ್ತಿದ್ದರು. ಅವರು ಮಾತಿಗೆ ತೊಡಗಿದರೆ ನಾವು ಕೀ ತಿರುಗಿಸಿ ಹೊರಗೆ ಬರಬೇಕು. ಒಳಗೆ ಕುಳಿತು ಕೇಳುವಂತಿಲ್ಲ. ಲೈನ್ ಬಹಳ ಕೆಟ್ಟಿದ್ದರೆ ಮಾತ್ರ ನಾವು ನಡುವೆ ನಿಂತು ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಬಹುದಿತ್ತು.

ಅದೇ ಕೋಣೆಯ ಮೂಲೆಯಲ್ಲಿ ದೂರಿನ ಮೇಜು. ಪಾಳಿಯಲ್ಲಿ ನಮ್ಮೆಲ್ಲರನ್ನೂ ಅಲ್ಲಿ ಕೂರಿಸುತ್ತಿದ್ದರು. ದೂರು ಬಂದರೆ ಚೀಟಿ ಬರೆದು ಲೈನ್‌ಮನ್‌ಗೆ ತಿಳಿಸಬೇಕು. ಆತ ಕಂಬ ಹತ್ತಿ, ಸರಿಮಾಡಿ, ಹೆಗಲಿಗೆ ಹಾಕಿಕೊಂಡ ಫೋನನ್ನು ತಂತಿಗೆ ಸಿಕ್ಕಿಸಿ ನಮ್ಮನ್ನು ಕೂಗುತ್ತಿದ್ದ. ಆತನ ದನಿ ನಮಗೆ, ನಮ್ಮ ದನಿ ಆತನಿಗೆ ಕೇಳಿಸಿದರೆ ಸರಿಯಾಯಿತು ಎಂದು ಬರೆದು ಚೀಟಿಯನ್ನು ಮುಗಿದ ಚೀಟಿಗಳ ಕೊಕ್ಕೆತಂತಿಗೆ ಪೋಣಿಸಿಬಿಡುತ್ತಿದ್ದೆವು. ದೂರು ಕೊಟ್ಟವರನ್ನು ಕೇಳುವ ಪದ್ಧತಿ ಇರಲಿಲ್ಲ.

ನಮ್ಮ ಸೂಪರ್‌ವೈಸರ್ ಸುಬ್ಬಲಕ್ಷ್ಮಮ್ಮ. ಆದವಾನಿ ಕಡೆಯವರು. ತುಂಬು ಮೈ, ಹಣೆಗೆ ಕಾಸಗಲ ಕುಂಕುಮ, ಯಾವಾಗಲೂ ಬಾಯಲ್ಲೊಂದು ಲವಂಗ. ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು, ಕೆಲಸಕ್ಕೆ ಮಾತ್ರ ಕನ್ನಡ. ಯಾವ ದೂರು ಬಂದರೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಏಮ್ಮಾ, ಇದು ಯಾರ ನೋವು?" ಮೊದಮೊದಲು ನಮಗೆ ನಗು ಬರುತ್ತಿತ್ತು. ಫೋನ್ ಕೆಟ್ಟರೆ ನೋವು ಯಾರದು? ನಂಬರು ಯಾರದೋ ಅವರದು, ಅಷ್ಟೇ ತಾನೆ?

ಅಷ್ಟೇ ಅಲ್ಲ ಎಂದು ನನಗೆ ಗೊತ್ತಾದದ್ದು ಸಿರುಗುಪ್ಪದ ಗಂಟೆಯಿಂದ. ಅಲ್ಲಿ ಒಬ್ಬ ಭತ್ತದ ವ್ಯಾಪಾರಿಯ ಮನೆಯಿಂದ ಮೇಲಿಂದ ಮೇಲೆ ದೂರು: ಫೋನಿನ ಗಂಟೆ ಬಾರಿಸುವುದಿಲ್ಲ. ಸಿರುಗುಪ್ಪ, ಕುರುಗೋಡು ಎರಡು ಕಡೆಯ ತಂತಿಯನ್ನೂ ನೋಡಿಕೊಳ್ಳುತ್ತಿದ್ದ ಲೈನ್‌ಮನ್ ಬಸವರಾಜ. ಎಲ್ಲರ ಬಾಯಲ್ಲಿ ಬಸಣ್ಣ. ನಾನೂ ಹಾಗೇ ಕರೆಯುತ್ತಿದ್ದೆ. ಆಗಿನ್ನೂ ನಾನು ಅವರ ಮುಖ ನೋಡಿರಲಿಲ್ಲ. ಅವರು ನನಗೆ ಗಾಳಿಯ ಸದ್ದಿನ ನಡುವೆ ಬರುವ ಒಂದು ದನಿ ಮಾತ್ರ. ಪ್ರತಿ ಸಲವೂ ಒಂದೇ ರೀತಿ ಶುರುಮಾಡುತ್ತಿದ್ದರು.

"ಬಳ್ಳಾರಿ, ಕೇಳತೈತೇನ್ರಿ?"

"ಕೇಳತೈತಿ, ಹೇಳ್ರಿ ಬಸಣ್ಣಾರ."

"ಗಂಟಿ ಸರಿ ಐತ್ರಿ. ನನ್ನ ಮುಂದ ಬಾರ್ಸತೈತಿ. ನಾ ಬೆನ್ನು ತಿರುಗಿಸಿದ ಕೂಡ್ಲೇ ಬಂದ್ ಆಗತೈತಿ. ದೆವ್ವ ಹೊಕ್ಕೈತೋ ಏನೋ."

ಸುಬ್ಬಲಕ್ಷ್ಮಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಆ ಮನೆಯಲ್ಲಿ ಫೋನ್ ಹತ್ತಿರ ಯಾರು ಮಲಗ್ತಾರೆ, ನೋಡು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಬಸಣ್ಣ ನಗುತ್ತಾ ಕೂಗಿದರು. ವ್ಯಾಪಾರಿಯ ತಾಯಿ, ಮುದುಕಿ, ಮಧ್ಯಾಹ್ನ ಫೋನಿನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದಳಂತೆ. ಗಂಟೆ ಹೊಡೆದಾಗಲೆಲ್ಲ ಎದೆ ಹಾರುತ್ತದೆಂದು ಅದರೊಳಗೆ ಹಳೇ ಸೀರೆಯ ಚೂರು ತುರುಕುತ್ತಿದ್ದಳು. ಲೈನ್‌ಮನ್ ಬಂದನೆಂದರೆ ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು.

"ನಾ ಕೇಳಿದೆರಿ, ಯಾಕವ್ವ ಹಿಂಗ ಮಾಡ್ತಿ ಅಂತ. 'ಫೋನ್ ಹಾಕಿಸಿದಾಂವ ನನ್ನ ಮಗ, ಮಾತಾಡಾಂವ ಅವ್ನ ಗುಮಾಸ್ತ, ಹೊಡ್ಸಿಕೊಳ್ಳಾಕಿ ನಾನು' ಅಂದ್ಲು."

ಕೊನೆಗೆ ಮಂಚ ಅಲ್ಲೇ ಉಳಿಯಿತು, ಫೋನು ಅಂಗಡಿ ಕಡೆಯ ಗೋಡೆಗೆ ಹೋಯಿತು. ಸುಬ್ಬಲಕ್ಷ್ಮಮ್ಮ ಅವತ್ತು ನನಗೆ ಒಂದು ಲವಂಗ ಕೊಟ್ಟು, "ಫೋನ್ ಒಂದು, ಮನುಷ್ಯರು ಮೂರು. ಹಾಕಿಸಿದವನನ್ನೂ ಕೇಳು, ಆಡುವವನನ್ನೂ ಕೇಳು, ಅದರ ಪಕ್ಕದಲ್ಲಿ ಬಾಳುವವಳನ್ನೂ ಕೇಳು" ಎಂದರು. ಪವಿತ್ರಳ ಹಾಳೆಯಲ್ಲಿ ಆ ಮುದುಕಿಗೆ ಡಬ್ಬಿ ಇರಲಿಲ್ಲ. ಹುಡುಕಿ ನೋಡಿದೆ.

ಈಗ ಕುರುಗೋಡಿನ ವಿಷಯ. ನನ್ನ ಇಡೀ ನೌಕರಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಸಂಜೆಯಾದರೆ ನಮ್ಮ ಟ್ರಂಕ್ ಕೋಣೆಯಲ್ಲಿ ಫ್ಯಾನಿನ ಗಾಳಿಯೂ ಬಿಸಿ. ಕಿಟಕಿಯಾಚೆ ಕೋಟೆಗುಡ್ಡದ ಬಂಡೆಗಳು ಹಗಲಿಡೀ ಕುಡಿದ ಬಿಸಿಲನ್ನು ಕಕ್ಕುತ್ತಿದ್ದವು. ಆ ಹೊತ್ತಿಗೆ ಸರಿಯಾಗಿ ಕುರುಗೋಡಿನ ತಂತಿಯಲ್ಲಿ ಒಂದು ಹಾಡು ಬರತೊಡಗಿತು. ಯಾವ ಕಾಲ್ ಇಲ್ಲದಿದ್ದರೂ ಆ ತೂತಿಗೆ ಹುರಿ ಚುಚ್ಚಿದರೆ ಸಾಕು, ಬಹಳ ದೂರದಿಂದ, ನೀರಿನೊಳಗಿಂದ ಬಂದ ಹಾಗೆ, ಸಿನಿಮಾ ಹಾಡು. ಹೆಣ್ಣು ದನಿ, ಪಿಟೀಲು, ಮತ್ತೆ ಹೆಣ್ಣು ದನಿ. ಕೆಲಸ ಕಡಿಮೆಯಿದ್ದಾಗ ನಾವು ಒಬ್ಬರಾದ ಮೇಲೆ ಒಬ್ಬರು ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದೆವು. ರೇಡಿಯೋ ಇಡುವಂತಿಲ್ಲದ ಕೋಣೆಯಲ್ಲಿ ಅದು ನಮಗೆ ಸಿಕ್ಕ ತಂಗಾಳಿ. ಯಾರೂ ಅದನ್ನು ದೋಷ ಎನ್ನಲಿಲ್ಲ. "ಇವತ್ತಿನ್ನೂ ಹಾಡು ಬಂದಿಲ್ಲಲ್ಲೇ" ಎಂದು ಕಾಯುತ್ತಿದ್ದೆವು.

ಒಂದು ಸೋಮವಾರ ಸಂಜೆ ನಾನು ಬೋರ್ಡಿನಲ್ಲಿದ್ದೆ. ಬಳ್ಳಾರಿಯ ಒಂದು ಬಟ್ಟೆ ಅಂಗಡಿಯಿಂದ ಕುರುಗೋಡಿಗೆ ಕಾಲ್. ಶಾಂತಾ ಎಂಬ ಹುಡುಗಿ ಬರೆಸಿದ್ದಳು. ಕುರುಗೋಡಿನ ಶೇಂಗಾ ಎಣ್ಣೆ ಮಿಲ್ಲಿನ ಫೋನಿಗೆ ಅವಳ ತಾಯಿ ನೀಲಮ್ಮನನ್ನು ಕರೆಸಬೇಕು. ಆಗ ಓಣಿಗೊಂದು ಫೋನ್ ಇದ್ದರೆ ಅದೇ ಹೆಚ್ಚು. ಫೋನ್ ಇದ್ದವರ ಮನೆಗೆ ಇಲ್ಲದವರು ಬಂದು ಮಾತನಾಡುವುದು ಎಲ್ಲ ಕಡೆ ನಡೆಯುತ್ತಿತ್ತು. ನೀಲಮ್ಮ ಬಂದಳು. ಹಾಡೂ ಬಂದಿತ್ತು.

"ಅವ್ವಾ..."

"ಯಾರು? ಶಾಂತಾ? ಜೋರಾಗಿ ಮಾತಾಡವ್ವ, ಬರೇ ಹಾಡು ಕೇಳತೈತಿ!"

"ಅವ್ವಾ, ನಾ ಹೇಳೋದು ಕೇಳು..."

"ಏನು? ಏನಂದಿ?"

ನನಗೆ ಮಗಳ ದನಿ ಗಂಟೆ ಹೊಡೆದಂತೆ ಕೇಳುತ್ತಿತ್ತು. ಹಾಡು ತೆಳ್ಳಗೆ ಹಿಂದೆ ಇತ್ತು. ತಾಯಿಗೆ ಹಾಗಲ್ಲ. ಹಾಡು ತಂತಿಗೆ ಹೊಗುತ್ತಿದ್ದ ಜಾಗ ಅವಳ ಕಿವಿಗೆ ಹತ್ತಿರ. ಮಗಳ ದನಿಯೋ ಹೊಲ ಹಳ್ಳ ದಾಟಿ, ದಣಿದು ಬರುತ್ತಿತ್ತು. ನಾನು ರೂಢಿಯಂತೆ ನಡುವೆ ಹೊಕ್ಕೆ. "ನಿಮ್ಮವ್ವಗ ಕೇಳವಲ್ದು ತಂಗಿ. ಏನ್ ಹೇಳಬೇಕು ಹೇಳು, ನಾ ಹೇಳತೀನಿ."

ಹುಡುಗಿ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಏನಿಲ್ಲರಿ. ಅರಾಮದೀನಿ ಅಂತ ಹೇಳ್ರಿ."

ಹೇಳಿದೆ. ಕಾಲ್ ಮುಗಿಯಿತು. ಪಕ್ಕದವಳು ನನ್ನ ಮಣಿಕಟ್ಟು ತಟ್ಟಿ, "ಆ ಹುರಿ ಇಲ್ಲಿ ಕೊಡು, ಚಲೋ ಹಾಡು ಶುರು ಆಗೈತಿ" ಎಂದಳು. ಕೊಟ್ಟೆ. ಆದರೆ ಆ ಹುಡುಗಿ ಉಸಿರು ಎಳೆದುಕೊಂಡ ಸದ್ದು ಹೆಡ್‌ಸೆಟ್ ತೆಗೆದ ಮೇಲೂ ಕಿವಿಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ನನಗೆ ದೂರಿನ ಮೇಜು. ಕುರುಗೋಡಿನಿಂದ ನೀಲಮ್ಮ ಕೂಗಿದಳು. ಲೈನ್ ಕನ್ನಡಿಯ ಹಾಗೆ ಸ್ವಚ್ಛ.

"ನಿನ್ನಿ ನಡುವ ಮಾತಾಡಿದಾಕಿ ನೀನೇ ಹೌದಿಲ್ಲೋ? ದನಿ ಗುರುತು ಹತ್ತಿತು. ತಂಗಿ, ಈ ಫೋನ್ ಕೆಟ್ಟೈತವ್ವ."

"ಈಗ ಚಲೋ ಕೇಳತೈತಲ್ಲ ಯವ್ವ."

"ಈಗ ಕೇಳತೈತಿ. ಮುಂಜಾನೆ ಅರಾಮ, ಸಂಜಿಕ್ಕ ಇಲ್ಲ."

"ಹಂಗಾದ್ರ ಮುಂಜಾನೆ ಮಾತಾಡ್ರಿ."

"ಮುಂಜಾನೆ ಆಕಿ ಮಾವ ಅಂಗಡ್ಯಾಗ ಫೋನಿನ ಬಾಜೂಕ ಕುಂತಿರ್ತಾನ. ಸೋಮವಾರ ಸಂಜಿಕ್ಕ ಹಲಕುಂದಿ ಮಠಕ್ಕ ಹೋಗ್ತಾನಲ್ಲ, ಆವಾಗ ಒಂದೀಟು ಬಿಡುವು. ಚೊಚ್ಚಲ ಬಸುರಿ ತಂಗಿ ನನ್ನ ಮಗಳು. ತವರಿಗೆ ಕಳಸಂಗಿಲ್ಲ, ಬಳ್ಳಾರ‍್ಯಾಗ ದೊಡ್ಡಾಸ್ಪತ್ರಿ ಐತಿ, ಇಲ್ಲೇ ಇರ್ಲಿ ಅಂತಾರ ಬೀಗರು. ಇರಬೌದು, ಅವ್ರು ಹೇಳೋದೂ ಖರೇನ. ಆದ್ರ ಆಕಿ ಮನಸಿನ್ಯಾಗ ಏನೈತಿ? ಆಕಿ ಬಾ ಅಂದ್ರ ನಾ ಹೋಗಿ ಜಗಳ ತಗದಾದ್ರೂ ಕರ್ಕೊಂಡು ಬರ್ತೀನಿ. ಬ್ಯಾಡ ಅಂದ್ರ ಸುಮ್ನಿರ್ತೀನಿ. ಮುಂದಿನ ವಾರ ದಾಟಿದ್ರ ಎಂಟರಾಗ ಬೀಳತಾಳ. ಎಂಟರಾಗ ಬಸುರಿನ ಊರು ದಾಟ್ಸಂಗಿಲ್ಲ."

ಒಂದೇ ಸೋಮವಾರ ಉಳಿದಿತ್ತು. ಮಗಳು ನನಗೆ ಹೇಳಲಾರದ್ದನ್ನು ತಾಯಿಗೆ ಹೇಳಬೇಕಿತ್ತು. ಅದಕ್ಕೆ ಆ ತಂತಿ ಸಂಜೆ ಹೊತ್ತು ಸ್ವಚ್ಛವಾಗಿರಬೇಕಿತ್ತು. ಬೇರೇನೂ ಅಲ್ಲ.

ಚೀಟಿ ಬರೆಯಲು ಹೋದರೆ ಮೊದಲ ಸಾಲಲ್ಲೇ ತೊಡಕು. ದೂರು ಕೊಡುವವರು ನಂಬರು ಪಡೆದವರೇ ಆಗಬೇಕು. ನೀಲಮ್ಮನಿಂದ ಮಿಲ್ ಸಾವ್ಕಾರರ ಕೈಗೆ ಫೋನ್ ಕೊಡಿಸಿದೆ. "ನನ್ನ ವ್ಯವಹಾರ ಎಲ್ಲಾ ಮುಂಜಾನೆ. ನನ್ನ ಫೋನ್ ಬಂಗಾರದಂಗ ಐತ್ರಿ. ಸುಮ್ನ ಯಾಕ ದೂರು ಕೊಡ್ಲಿ?" ಎಂದರು. ಆ ಸಾಲು ಖಾಲಿ ಬಿಟ್ಟೇ ಚೀಟಿ ಬರೆದೆ. ನಮ್ಮ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯವರು, ಯಾವಾಗಲೂ ಅವಸರ. "ಬೆಳಿಗ್ಗೆ ಟೆಸ್ಟ್ ಮಾಡಿದ್ರಿ ತಾನೆ? ಚೆನ್ನಾಗಿದೆ ತಾನೆ? ಕ್ಲೋಸ್ ಮಾಡಿ ಗಿರಿಜಾ, ಅಲ್ಲಿ ಇನ್ನೂ ಎಷ್ಟೊಂದು ಚೀಟಿ ಇದೆ ನೋಡಿ" ಎಂದು ಹೊರಟೇಹೋದರು.

ಸುಬ್ಬಲಕ್ಷ್ಮಮ್ಮನ ಮುಂದೆ ನಿಂತೆ. ಅವರು ಕೇಳಿದ್ದು ಅದೇ.

"ಇದು ಯಾರ ನೋವು?"

"ನಂಬರು ಸಾವ್ಕಾರರದು, ಅವರಿಗೆ ನೋವಿಲ್ಲ. ನೀಲಮ್ಮಗ ನೋವು, ಆಕಿಗೆ ನಂಬರಿಲ್ಲ."

ಅವರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಇಡೀ ಕೋಣೆಗೆ ಕೇಳುವಂತೆ ಅಂದರು: "ದಿನಾ ಸಂಜೆ ಸಾಲಾಗಿ ಕೂತು ಹಾಡು ಕೇಳ್ತೀರಲ್ಲ ಅಮ್ಮಣ್ಣಿಯರು, ಅದು ನಮ್ಮ ತಂತಿಗೆ ಎಲ್ಲಿಂದ ಬಂತು ಅಂತ ಒಬ್ಬರಾದರೂ ಕೇಳಿದಿರಾ?"

ನಮಗೆ ಸುಖ ಕೊಡುತ್ತಿದ್ದದ್ದನ್ನು ನಾವು ಏಕೆ ಕೇಳುತ್ತೇವೆ?

ಮಧ್ಯಾಹ್ನ ಬಸಣ್ಣ ಕುರುಗೋಡಿನ ಹತ್ತಿರದ ಯಾವುದೋ ಕಂಬದಿಂದ ಕೂಗಿದರು. ಹಿಂದೆ ಗಾಳಿ ತಂತಿಯನ್ನು ಮೀಟುವ ಗುಂಯ್ ಸದ್ದು.

"ಬಳ್ಳಾರಿ, ಕೇಳತೈತೇನ್ರಿ?"

"ಕೇಳತೈತಿ. ಬಸಣ್ಣಾರ, ನಿಮ್ಮೂರಾಗ ಸಂಜಿಕ್ಕ ಹಾಡು ಹಚ್ಚೋರು ಯಾರು?"

"ಟೆಂಟ್ ಸಿನಿಮಾ ಬಂದೈತಲ್ರಿ, ಮಿಲ್ ಸಾವ್ಕಾರರ ಬಯಲಾಗ. ಆಟ ಶುರು ಆಗೋಕಿಂತ ಮೊದ್ಲು ಮಂದಿ ಕರಿಯಾಕ ಮೈಕಿನ್ಯಾಗ ಹಾಡು ಹಚ್ತಾರ."

"ಮೈಕು ಎಲ್ಲಿ ಕಟ್ಟ್ಯಾರ?"

ಅವರ ದನಿ ಸಣ್ಣದಾಯಿತು: "ನಮ್ಮ ಕಂಬಕ್ಕ."

"ನಮ್ಮ ಕಂಬಕ್ಕ?"

"ಊರ ನಡುವಿನ ಕಂಬ, ಎತ್ತರ ಐತಿ. ಅವ್ರ ವೈರು ಟೆಂಟಿನಿಂದ ಅಲ್ಲೀತನ ನಮ್ಮ ತಂತಿ ಬಾಜೂಕ ಹೋಗೈತಿ. ಕಟ್ಟಿದ್ದು ಅವ್ರೇ ರೀ... ಏಣಿ ಮಾತ್ರ ನಾ ಕೊಟ್ಟಿದ್ದೆ."

"ಅದಕ್ಕ ನಿಮಗ ಏನ್ ಕೊಟ್ರು?"

"ನೆಲಕ್ಕ ಕುಂತು ನೋಡಾಕ ಬಿಡ್ತಾರ್ರಿ," ಎಂದರು. ಆಮೇಲೆ ತಮ್ಮ ಪರವಾಗಿ ಏನಾದರೂ ಹೇಳಬೇಕೆನಿಸಿತೇನೋ, "ಮುಂದಿನ ಸಾಲಲ್ಲರಿ, ನಡುವಿಂದು" ಎಂದು ಸೇರಿಸಿದರು.

ನಗು ಬಂತು, ತಡೆದುಕೊಂಡೆ. ನೀಲಮ್ಮನ ಮಾತೆಲ್ಲ ಹೇಳಿದೆ. ಎಂಟನೇ ತಿಂಗಳ ಮಾತು ಕೇಳಿದ ಮೇಲೆ ಅವರ ದನಿ ಬದಲಾಯಿತು. "ನಾ ದಿನಾ ಮುಂಜಾನೆ ಟೆಸ್ಟ್ ಮಾಡಿ ಸರಿ ಐತಿ ಅಂತ ಹೇಳಾಕ್ಹತ್ತಿದ್ದೆ. ಸಂಜಿಕ್ಕ ಅದ ಹಾಡು ಕೇಳಿಕೋತ ಟೆಂಟಿನ್ಯಾಗ ಕುಂತಿರ್ತಿದ್ದೆ. ಎರಡೂ ಒಂದ ತಂತಿ ಅಂತ ಹೊಳೀಲಿಲ್ಲ ನೋಡ್ರಿ."

ಇಂಜಿನಿಯರ್ ಸಾಹೇಬರಿಗೆ ತಿಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ನನ್ನ ಕಂಬದ ಮೇಲೆ ಸಿನಿಮಾ ಮೈಕಾ? ಪೊಲೀಸರಿಗೆ ಬರೀತೀನಿ, ತಹಶೀಲ್ದಾರರಿಗೂ ಬರೀತೀನಿ." ಸುಬ್ಬಲಕ್ಷ್ಮಮ್ಮ ಮೆತ್ತಗೆ, "ಬರೀರಿ ಸಾರ್. ಆ ಕಾಗದ ಊರು ಮುಟ್ಟೋದ್ರೊಳಗೆ ಆ ಹುಡುಗಿಗೆ ಒಂಬತ್ತು ತುಂಬುತ್ತೆ" ಎಂದರು. ಸಾಹೇಬರು ಕುಳಿತರು. "ಸಂಜೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲಮ್ಮ" ಎಂದರು. ಅದು ನಿಜವೇ. ಚೀಟಿಯಲ್ಲಿ ದೋಷ ಯಾವುದು ಎಂದು ಬರೆಯಲು ಜಾಗವಿತ್ತು. ಯಾವ ಹೊತ್ತಿಗೆ, ಯಾರ ಕಿವಿಗೆ ಎಂದು ಬರೆಯಲು ಇರಲಿಲ್ಲ. "ಸೋಮವಾರದೊಳಗೆ ಅಲ್ಲೇ ಬಗೆಹರಿದರೆ ನಾನು ಏನೂ ಬರೆಯೋದಿಲ್ಲ" ಎಂದರು.

ಅಲ್ಲಿ ನಡೆದದ್ದನ್ನು ಬಸಣ್ಣ ಕಂಬದಿಂದಲೇ ನನಗೆ ಕಥೆಯ ಹಾಗೆ ಹೇಳಿದರು. ಟೆಂಟಿನ ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಮೈಕು ಎತ್ತರದಲ್ಲಿದ್ದರೇ ಸುತ್ತಲ ಹಳ್ಳಿಗೆ ಕೇಳುವುದು, ಕೇಳಿದರೇ ಮಂದಿ ಗಾಡಿ ಕಟ್ಟಿಕೊಂಡು ಬರುವುದು. ಕೆಳಗಿಟ್ಟರೆ ತನ್ನ ಆಟ ಮುಚ್ಚಬೇಕಾಗುತ್ತದೆ ಎಂದ. ಅವನ ನೋವೂ ನೋವೇ. ಸಾವ್ಕಾರರು ತಮಗೇನೂ ಸಂಬಂಧವಿಲ್ಲವೆಂದು ಹೊಸ್ತಿಲಲ್ಲಿ ನಿಂತಿದ್ದರು. ಕೊನೆಗೆ ನೀಲಮ್ಮನೇ ಸೆರಗು ಬಿಗಿದುಕೊಂಡು ಬಯಲಿಗೆ ಬಂದಳಂತೆ.

"ನಿನ್ನ ಹಾಡು ಚಲೋ ಅದಾವಪ್ಪ. ನಾನೂ ರೊಟ್ಟಿ ಬಡಿಯುವಾಗ ಕೇಳತೀನಿ. ಆದ್ರ ನನ್ನ ಮಗಳ ದನಿಗಿಂತ ಚಲೋ ಇಲ್ಲ," ಎಂದಳು. ಸಾವ್ಕಾರರ ಕಡೆ ತಿರುಗಿ, "ಸಾವ್ಕಾರ, ನಿನ್ನ ಫೋನಿನ್ಯಾಗ ಊರಿಗೆ ಊರು ಮಾತಾಡತೈತಿ. ಪುಣ್ಯೇವ ನೀ ತಗೊಂತಿ, ದೂರು ಯಾರಿಗೆ ಕೊಡ್ಲಿ ಹೇಳು?" ಎಂದಳು.

ಸಾವ್ಕಾರರು ಒಳಗೆ ಹೋದರು. ಹೊರಗೆ ಬರುವಾಗ ಇಬ್ಬರು ಆಳುಗಳ ಹೆಗಲ ಮೇಲೆ ಉದ್ದನೆಯ ಸರ್ವೆ ಕಂಬ. ಮಿಲ್ಲಿನ ಮಾಳಿಗೆಗೆಂದು ತರಿಸಿದ್ದಂತೆ. ಬಯಲಿನ ಆಚೆ ಅಂಚಿಗೆ, ನಮ್ಮ ತಂತಿಗೆ ದೂರವಾಗಿ ಅದನ್ನು ನೆಟ್ಟರು. ಮೈಕು ಅದಕ್ಕೇರಿತು. ಏಣಿ ಈ ಸಲವೂ ಬಸಣ್ಣನದೇ.

ಸೋಮವಾರ ಬೆಳಿಗ್ಗೆ ಸಾಹೇಬರು, "ವೈರ್ ತೆಗೆದಾಯ್ತಲ್ಲ, ಇನ್ನಾದ್ರೂ ಕ್ಲೋಸ್ ಮಾಡಿ" ಎಂದರು. ನಾನು, "ಸಂಜೆ ಆಗ್ಲಿ ಸಾರ್" ಎಂದೆ. ಅವರು ನನ್ನ ಮುಖ ನೋಡಿ, ತಲೆಯಾಡಿಸಿ ಹೋದರು. ಅವತ್ತು ನಾನು ಬೋರ್ಡಿನ ಪಾಳಿ ಕೇಳಿ ಪಡೆದಿದ್ದೆ.

ಸೂರ್ಯ ಗುಡ್ಡದ ಹಿಂದೆ ಇಳಿದ. ಕೋಣೆಯಲ್ಲಿ ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ಬಟ್ಟೆ ಅಂಗಡಿಯ ಕಾಲ್ ಬಂತು. ಕುರುಗೋಡಿನ ತೂತಿಗೆ ಹುರಿ ಚುಚ್ಚಿದೆ. ಅಲ್ಲಿ ಬಯಲಿನಲ್ಲಿ ಮೈಕು ಹಾಡುತ್ತಿರುವ ಹೊತ್ತು ಅದು. ತಂತಿಯಲ್ಲಿ ಮಾತ್ರ ಏನೂ ಇರಲಿಲ್ಲ. ಹಾಡು ಹೋದ ಮನೆಯ ಹಾಗೆ ಖಾಲಿ, ತಣ್ಣಗೆ.

"ಶಾಂತಾ?"

"ಅವ್ವಾ."

"ಯವ್ವ, ಬಾಜೂಕ ನಿಂತಂಗ ಐತಲ್ಲೇ ನಿನ್ನ ದನಿ!"

ಹುಡುಗಿ ಉಸಿರು ಎಳೆದುಕೊಂಡಳು, ಹೋದ ವಾರದ ಹಾಗೆಯೇ. ನಾನು ಕೀ ತಿರುಗಿಸಿ ಹೊರಗೆ ಬಂದೆ. ಅವಳು ಏನು ಹೇಳಿದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೋರ್ಡಿನ ಮೇಲೆ, ಮಾತು ನಡೆದಿದೆ ಎಂದು ತೋರಿಸುವ ಅವರ ಪುಟ್ಟ ದೀಪ ಬಹಳ ಹೊತ್ತು ಹಾಗೇ ಇತ್ತು. ನಾವೆಲ್ಲ ಅದನ್ನೇ ನೋಡುತ್ತಾ ಕುಳಿತೆವು.

ಎರಡು ದಿನ ಬಿಟ್ಟು ಎಕ್ಸ್‌ಚೇಂಜಿನ ಬಾಗಿಲಿಗೆ ಮಾಸಿದ ಹಸಿರು ಸೀರೆಯ, ಬೆವರಿದ ಹಣೆಯ ಒಬ್ಬ ಹೆಂಗಸು ಬಂದು, "ಕಂಪ್ಲೇಂಟ್ ಬರಕೊಳ್ಳೋ ತಂಗಿ ಯಾರವ್ವ?" ಎಂದಳು. ದನಿ ಕೇಳಿಯೇ ನೀಲಮ್ಮ ಎಂದು ಗೊತ್ತಾಯಿತು. ಅವಳ ಹಿಂದೆ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಬಸುರಿ ಹುಡುಗಿ. ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಬಸ್ಸಿಗೆ ಹೊರಟಿದ್ದರು.

"ನಿನ್ನ ಚೀಟಿ ತಗದುಬಿಡವ್ವ. ಸರಿ ಆತು," ಎಂದಳು ನೀಲಮ್ಮ. ಹುಡುಗಿ ನನ್ನನ್ನು ನೋಡಿ ನಕ್ಕಳು. ನನಗೆ ಅವಳು, ಅವಳಿಗೆ ನಾನು ಬರೀ ದನಿಯಾಗಿದ್ದವರು. ಇಬ್ಬರಿಗೂ ನಾಚಿಕೆಯಾಯಿತು.

ಅಂದು ನಾನು ಆ ಚೀಟಿ ಮುಚ್ಚಿದೆ. ಅಂದಿನಿಂದ ನಿವೃತ್ತಿಯಾಗುವವರೆಗೂ, ದೂರು ಕೊಟ್ಟವರ ಬಾಯಿಂದ ಸರಿಯಾಯಿತು ಎಂಬ ಮಾತು ಬರದೆ ನಾನು ಯಾವ ಚೀಟಿಯನ್ನೂ ಮುಚ್ಚಲಿಲ್ಲ. ಇದರಿಂದ ಮೇಲಿನವರಿಂದ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ನನ್ನ ಮೇಜಿನ ಮೇಲೆ ಚೀಟಿ ಯಾವಾಗಲೂ ಬೇರೆಯವರಿಗಿಂತ ಹೆಚ್ಚು.

ಹಾಡು ನಿಂತ ಮೇಲೆ ಟ್ರಂಕ್ ಕೋಣೆಯ ಸಂಜೆಗಳು ಬಡವಾದವು. ಒಂದು ದಿನ ಪಾಳಿ ಮುಗಿಯುವ ಹೊತ್ತಿಗೆ ಬಸಣ್ಣ ಕೂಗಿದರು.

"ಬಳ್ಳಾರಿ, ಕೇಳತೈತೇನ್ರಿ?"

"ಕೇಳತೈತಿ."

"ಹಾಡಿಲ್ಲ ಅಂತ ನಿಮಗ ಬ್ಯಾಸರ ಆಗೈತೇನೋ ಅನಿಸ್ತು."

ಆಮೇಲೆ ಕಂಬದ ಮೇಲಿಂದ ಒಂದು ಸಿಳ್ಳು. ಆ ಹಾಡಿನದೇ ಧಾಟಿ, ಅರ್ಧಂಬರ್ಧ, ನಡುನಡುವೆ ಗಾಳಿಗೆ ತುಂಡಾಗುತ್ತಾ. ಅದು ನಿಯಮಕ್ಕೆ ಪೂರ್ತಿ ವಿರುದ್ಧ. ಸುಬ್ಬಲಕ್ಷ್ಮಮ್ಮ ಕೇಳಿಸಿದರೂ ಕಿಟಕಿ ಕಡೆ ನೋಡುತ್ತಾ ಲವಂಗ ಅಗಿದರು. ಮುಂದಿನ ವರ್ಷ ನಮ್ಮಿಬ್ಬರ ಮನೆಯವರು ಮಾತನಾಡಿ ಮದುವೆ ಗೊತ್ತುಮಾಡಿದಾಗ ಟ್ರಂಕ್ ಕೋಣೆಯವರೆಲ್ಲ ನನ್ನನ್ನು ಸುತ್ತುಗಟ್ಟಿ, "ಇಷ್ಟು ದಿನ ಅಣ್ಣಾ ಅಣ್ಣಾ ಅಂದಿ. ಇನ್ನ ಏನಂತ ಕರೀತಿಯಲೇ?" ಎಂದು ಕಾಡಿದರು. ನಾನು ಕೊನೆಯವರೆಗೂ ಏನೆಂದೂ ಕರೆಯಲಿಲ್ಲ. "ಕೇಳತೈತೇನ್ರಿ" ಎನ್ನುತ್ತಿದ್ದೆ. ಅವರು "ಕೇಳತೈತಿ" ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಒಂದೊಂದೇ ಊರಿಗೆ ನೇರವಾಗಿ ನಂಬರು ತಿರುಗಿಸುವ ಸೌಲಭ್ಯ ಬಂತು. ನಡುವೆ ನಿಲ್ಲುವ ನಾವು ಬೇಕಾಗಲಿಲ್ಲ. ಬೋರ್ಡನ್ನು ಬಿಚ್ಚಿ ಲಾರಿಗೆ ಹಾಕಿದರು. ತಂತಿಗಳು ನೆಲದೊಳಗೆ ಹೋದವು, ಕಂಬಗಳು ಗುಜರಿಗೆ. ಇವರು ಗುದ್ದಲಿ ಹಿಡಿದವರ ಜೊತೆ ತಗ್ಗಿನಲ್ಲಿ ನಿಂತು ಕೇಬಲ್ ಜೋಡಿಸುವುದನ್ನು ಕಲಿತರು. "ನೆಲದಾಗ ಗಾಳಿ ಸಪ್ಪಳ ಇಲ್ಲ, ಮಾತು ಭಾಳ ಸಪ್ಪ" ಎನ್ನುತ್ತಿದ್ದರು. ನಾನು ಪೂರ್ತಿಯಾಗಿ ದೂರಿನ ಮೇಜಿಗೆ ಬಂದೆ. ಮೇಜಿನ ಮೇಲಿನ ವಸ್ತುಗಳು ಬದಲಾದವು, ಪ್ರಶ್ನೆ ಬದಲಾಗಲಿಲ್ಲ.

ಕೊನೆಯ ತಿಂಗಳುಗಳಲ್ಲಿ ಇವರಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ಮಂಚದ ಪಟ್ಟಿಯನ್ನು ಬೆರಳಿನಿಂದ ತಟ್ಟುತ್ತಿದ್ದರು. ನಾನು ಎಲ್ಲಿದ್ದರೂ "ಕೇಳತೈತಿ" ಎಂದು ಬಂದು ಕೂರುತ್ತಿದ್ದೆ. ಈಗ ಹಗಲಾದರೆ ಮನೆಗೆಲಸ, ಬಂದವರು ಹೋದವರು, ಹೇಗೋ ಸಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಎಲ್ಲಿಂದಲಾದರೂ ಒಂದು ಮದುವೆ ಮನೆಯ ಹಾಡು ತೇಲಿ ಬಂದರೆ, ಅದರ ಹಿಂದೆ ಒಂದು ತೆಳು ದನಿ ಇದೆಯೇನೋ ಎಂದು ಕಿವಿ ತಾನಾಗಿಯೇ ಹುಡುಕುತ್ತದೆ. ನೆಂಟರು ಬೆಳಿಗ್ಗೆ ಬಂದು ಕಾಫಿ ಕುಡಿದು, ನನ್ನ ಮುಖ ನೋಡಿ, "ಈಗ ಅರಾಮ ಆದಿ ಬಿಡು" ಎಂದು ಹೋಗುತ್ತಾರೆ.

ನಿನ್ನೆ ಬೆಳಿಗ್ಗೆ ಪವಿತ್ರ ಕೆಲಸಕ್ಕೆ ಹೊರಟವಳು ನಮ್ಮ ಬಾಗಿಲಲ್ಲಿ ನಿಂತಳು. ಇಷ್ಟರವರೆಗಿನ ಹಾಳೆಗಳನ್ನು ಹಿಂದಿನ ದಿನವಷ್ಟೇ ಓದಲು ಕೊಟ್ಟಿದ್ದೆ. ವಾಪಸ್ಸು ಕೊಡುತ್ತಾ ಕೇಳಿದಳು: "ಈಗ ಅರಾಮೇನ್ರಿ ಅಜ್ಜಿ?"

ರೂಢಿಯಂತೆ ಹೌದು ಎನ್ನಲು ಹೋದೆ. ಬಾಯಿಗೆ ಬೇರೆ ಮಾತು ಬಂತು.

"ಮುಂಜಾನೆ ಅರಾಮ. ಸಂಜಿಕ್ಕ ಇಲ್ಲ."

ಅವಳು ಹೆಗಲ ಚೀಲ ಸರಿಮಾಡಿಕೊಂಡಳು.

"ಹಂಗಾದ್ರ ಸಂಜಿಕ್ಕ ಬರ್ತೀನಿ," ಎಂದು ಬಸ್ಸಿನ ಕಡೆ ಓಡಿದಳು.